ಹೊನ್ನ ಕಟ್ಟಿದ ಬೇಸ್ ಪೆಟ್ಟಿಗೆ

ಸತೀಶ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಾನೆಂದು ಹಬ್ಬುವಾಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಹೇಗೆ ಕೇಳುತ್ತದೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಹಾಡುವವಳ ದನಿ ಕೇಳುತ್ತಿತ್ತು, ಕೀಬೋರ್ಡು ಕೇಳುತ್ತಿತ್ತು, ಡ್ರಮ್ಮು ಬೇಡವೆಂದರೂ ಕೇಳುತ್ತಿತ್ತು. ಮೂಲೆಯಲ್ಲಿ ನಾಲ್ಕು ತಂತಿಯ ಉದ್ದನೆ ಗಿಟಾರು ಹಿಡಿದು ತಲೆಯಾಡಿಸುತ್ತ ನಿಂತವನು ಏನು ಮಾಡುತ್ತಿದ್ದಾನೆಂಬುದು ದೇವರಿಗೇ ಪ್ರೀತಿ. ಒಮ್ಮೆ ಚೌತಿಯ ಕಾರ್ಯಕ್ರಮ ಮುಗಿಸಿ ಬರುವಾಗ ಹೆಂಡತಿ ಮನಿಷಾ, "ಇಷ್ಟೆಲ್ಲದ್ರಲ್ಲಿ ನಿಮ್ದು ಯಾವ್ದು ಹೇಳಿ?" ಎಂದು ಕೇಳಿಬಿಟ್ಟಿದ್ದಳು. ತಮಾಷೆಗಲ್ಲ, ತಿಳಿದುಕೊಳ್ಳಲಿಕ್ಕೇ ಕೇಳಿದ್ದಳು. ಅದಕ್ಕೇ ಅವನಿಗೆ ಹೆಚ್ಚು ನೋವಾಗಿತ್ತು.

ಹಗಲು ಅವನು ಬಸ್ ಡಿಪೋದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ಸಂಬಳ ಬರುತ್ತಿದ್ದುದು ಅಲ್ಲಿಂದ, ಬದುಕುತ್ತಿದ್ದುದು ಮಾತ್ರ 'ಕೂರ್ಮಗಡ ಮೆಲೊಡೀಸ್' ಎಂಬ ಆರ್ಕೆಸ್ಟ್ರಾದಲ್ಲಿ. ಅದರ ಯಜಮಾನ ರಾಮಾ ಕೆಟ್ಟವನೇನಲ್ಲ, ಆದರೆ ಟೆಂಪೋದಲ್ಲಿ ಎಷ್ಟು ಜನ, ಎಷ್ಟು ಸಾಮಾನು ಎಂಬುದರ ಮೇಲೇ ಸದಾ ಕಣ್ಣಿಟ್ಟವನು. ಎರಡು ಸಾವಿರದ ಆರರ ಹೊತ್ತಿಗೆ ಮಾಜಾಳಿಯ ಸೂರಜ್ ಹೊಸ ಕೀಬೋರ್ಡು ಹೊತ್ತುಕೊಂಡು ತಂಡಕ್ಕೆ ಬಂದ. ಗೋವಾದ ಹೋಟೆಲುಗಳಲ್ಲಿ ಬಾರಿಸಿ ಪಳಗಿದ ಹುಡುಗ. ಬಲಗೈಯಲ್ಲಿ ಪಿಟೀಲು, ಕೊಳಲು ಎಲ್ಲ ಬಾರಿಸುತ್ತ, ಎಡಗೈಯಲ್ಲಿ ಬೇಸನ್ನೂ ಬಾರಿಸಿ ತೋರಿಸಿದ. ರಾಮಾ ಅವನ ಎಡಗೈಯನ್ನೇ ನೋಡುತ್ತಿದ್ದುದನ್ನು ಸತೀಶ ನೋಡಿದ.

"ಬೇಲೆಕೇರಿ ಮದುವೆ ಕಾರ್ಯಕ್ರಮ ಒಂದು ಮುಗೀಲಿ ಸತೀಶಾ," ಎಂದ ರಾಮಾ ಒಂದು ದಿನ, ಬೇರೆಲ್ಲೋ ನೋಡುತ್ತ. "ಆಮೇಲೆ ಎಂತಾ ಮಾಡೂದು ಹೇಳಿ ನೋಡ್ವ. ಸಿಟ್ಟು ಮಾಡ್ಕಬೇಡ. ಕೇಳದಿದ್ದಿದ್ದಕ್ಕೆ ಒಂದು ಜನ ಯಾಕೆ ಹೇಳಿ ಎಲ್ಲರೂ ಕೇಳ್ತ್ರು."

ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ಡಿಪೋದಿಂದ ಮನೆ, ಮನೆಯಿಂದ ಡಿಪೋ, ಇನ್ನು ಇಷ್ಟೇ ಆಗಿಬಿಟ್ಟರೆ ತಾನು ಯಾರು? ಆವತ್ತೇ ನಿರ್ಧಾರ ಮಾಡಿದ. ತನ್ನ ಕೈಯಲ್ಲಿ ತಪ್ಪಿಲ್ಲ, ತಪ್ಪಿರುವುದು ಸದ್ದು ಹೊರಡಿಸುವ ಪೆಟ್ಟಿಗೆಯಲ್ಲಿ. ಇಷ್ಟು ವರ್ಷ ಅವನು ಬಾರಿಸಿದ್ದು ಅರವತ್ತು ವಾಟ್‌ನ ಒಂದು ಆಂಪ್ಲಿಫೈಯರಿನಲ್ಲಿ. ಅದು ಮನೆಯ ಜಗಲಿಗೆ ಸರಿ. ಗದ್ದೆ ಬಯಲಿನಲ್ಲಿ ಗೋಡೆಯಿಲ್ಲ, ಸೂರಿಲ್ಲ, ಸದ್ದು ಸೀದಾ ಆಕಾಶಕ್ಕೆ ಹೋಗುತ್ತದೆ. ಅದರಲ್ಲೂ ತಗ್ಗಿನ ಸದ್ದನ್ನು ದೂಡಲು ಬೇಕಾಗುವ ಶಕ್ತಿ ಮೇಲಿನ ಸದ್ದಿಗೆ ಬೇಕಾಗುವುದರ ಹತ್ತು ಪಟ್ಟು. ಸಣ್ಣ ಆಂಪ್ಲಿಫೈಯರನ್ನು ಕೊನೆಯ ತನಕ ತಿರುಗಿಸಿದರೆ ಸದ್ದು ಹೆಚ್ಚುವುದಿಲ್ಲ, ಹರಿದು ಕರ್ಕಶವಾಗುತ್ತದೆ, ಜೊತೆಗೆ ಸ್ಪೀಕರನ್ನೂ ಸುಡುತ್ತದೆ. ಅವನು ಹಾಗೆ ಎರಡು ಸುಟ್ಟಿದ್ದ.

ಮಡಗಾಂವಿನಲ್ಲಿ ಮುಚ್ಚಿಹೋದ ಒಂದು ಬ್ಯಾಂಡಿನವರ ಹತ್ತಿರ ನಾಲ್ಕುನೂರು ವಾಟ್‌ನ ಹಳೆಯ ಆಂಪ್ಲಿಫೈಯರು ಸಿಕ್ಕಿತು. ಇನ್ನೂರರದ್ದೂ ಇತ್ತು, ಹಗುರವೂ ಇತ್ತು. ಬರೇ ವಾಟ್ ದುಪ್ಪಟ್ಟಾದರೆ ಕಿವಿಗೆ ಸ್ವಲ್ಪವೇ ಹೆಚ್ಚು ಕೇಳುತ್ತದೆ, ಅದು ಸತೀಶನಿಗೂ ಗೊತ್ತಿತ್ತು. ಆದರೆ ಶಕ್ತಿ ಕೈಯಲ್ಲಿ ಮಿಕ್ಕಿರಬೇಕು, ಅರ್ಧಕ್ಕಿಟ್ಟು ಆರಾಮದಲ್ಲಿ ಬಾರಿಸಬೇಕು. ಇನ್ನು ನಿಜವಾಗಿ ಜೋರು ಬರುವುದು ಪೆಟ್ಟಿಗೆಗಳಿಂದ. ಒಂದರ ಬದಲು ಎರಡು ಪೆಟ್ಟಿಗೆ ಇಟ್ಟರೆ ಗಾಳಿ ದೂಡುವ ಎದೆಯೇ ಅಗಲವಾಗುತ್ತದೆ. ಒಂದರಲ್ಲಿ ಹದಿನೈದು ಇಂಚಿನ ಒಂದೇ ಸ್ಪೀಕರು, ಹೊಟ್ಟೆಗೆ ತಾಗುವ ಸದ್ದಿಗೆ. ಇನ್ನೊಂದರಲ್ಲಿ ಹತ್ತು ಇಂಚಿನ ನಾಲ್ಕು, ಬೆರಳಿನ ಪೆಟ್ಟು ಕಿವಿಗೆ ಸ್ಪಷ್ಟವಾಗಲಿಕ್ಕೆ. ಎರಡರ ತಡೆಯೂ ಎಂಟೆಂಟು ಓಮು, ಒಟ್ಟಿಗೆ ಜೋಡಿಸಿದರೆ ನಾಲ್ಕಾಗುತ್ತದೆ, ಆ ಆಂಪ್ಲಿಫೈಯರು ಪೂರ್ತಿ ಶಕ್ತಿ ಕೊಡುವುದು ಅಲ್ಲಿಯೇ. ಇದನ್ನೆಲ್ಲ ಅವನು ಮನಿಷಾಳಿಗೆ ಊಟದ ಹೊತ್ತಿನಲ್ಲಿ ವಿವರಿಸಿದ. ಅವಳು, "ಇದಾದ್ರೂ ಕೇಳ್ತದಾ?" ಎಂದು ಕೇಳಿ ಅನ್ನ ಬಡಿಸಿದಳು.

ಪೆಟ್ಟಿಗೆ ಕಟ್ಟಿಕೊಟ್ಟವನು ಬೇಲೆಕೇರಿಯ ಹೊನ್ನ. ಎರಡು ಗದ್ದೆ ಬೇಸಾಯ, ಉಳಿದ ಹೊತ್ತು ದೋಣಿ ರಿಪೇರಿ. ಸತೀಶನಿಗಿಂತ ಹತ್ತು ವರ್ಷ ದೊಡ್ಡವನು. ಒಮ್ಮೆ ಡಿಪೋದ ಬಸ್ಸು ಬೇಲೆಕೇರಿ ರಸ್ತೆಯಲ್ಲಿ ಕೆಟ್ಟು ನಿಂತಾಗ ಅವನ ಜಗಲಿಯಲ್ಲಿ ಗಂಜಿ ಕುಡಿದಲ್ಲಿಂದ ದೋಸ್ತಿ. ಹೊನ್ನನ ಮಾತಿಗಿಂತ ಅವನ ಹಟವೇ ಉದ್ದ. ಪೆಟ್ಟಿಗೆಗೆ ದೋಣಿಯ ಹಲಗೆಯೇ ಆಗಬೇಕು, ಪ್ಲೈವುಡ್ ಎಂದರೆ ಕಾಗದ ಎಂದು ಒಂದು ವಾರ ವಾದ ಮಾಡಿದ. ಹಲಗೆಯಲ್ಲೇ ಒಂದು ಪೆಟ್ಟಿಗೆ ಕಟ್ಟಿಯೂ ಬಿಟ್ಟ. ಸ್ಪೀಕರು ಹಚ್ಚಿ ಬಾರಿಸಿದರೆ ಅದು ಗೊರಗೊರ ಎಂದಿತು. ಆವತ್ತೇ ಬಿಚ್ಚಿ ಒಲೆಗೆ ಹಾಕಿ, ನೀರಿಗೂ ಜಗ್ಗದ ದಪ್ಪ ಪ್ಲೈವುಡ್ಡಿನಲ್ಲಿ ಮತ್ತೆ ಕಟ್ಟಿದ. ಸಂದಿಗಳಿಗೆ ಮಾತ್ರ ಸತೀಶ ಹೇಳಿದ ಅಂಟು ಬೇಡವೆಂದು, ದೋಣಿಗೆ ತುಂಬುವ ಹಾಗೆ ಹತ್ತಿಯನ್ನು ರಾಳದಲ್ಲಿ ಅದ್ದಿ ತುಂಬಿದ.

"ದೋಣಿಗೆ ನೀರು ಒಳಗೆ ಬಪ್ಪುಕಾಗ. ಇದ್ಕೆ ಗಾಳಿ ಹೊರಗೆ ಹೋಪುಕಾಗ. ಅಷ್ಟೇಯ ಅಲ್ದನಾ ತಮಾ?" ಎಂದ.

ಹೊನ್ನನ ಹೆಂಡತಿ ಸೋಮಿ ಚಾ ತಂದಿಟ್ಟು, "ಮಕ್ಳಿಲ್ಲದ ಮನೆ, ಇವ್ರಿಗೆ ಮಕ್ಕಳಾಟಿಕೆ ಮಾಡೂಕೆ ಒಬ್ಬರು ಸಿಕ್ರು," ಎಂದು ಇಬ್ಬರನ್ನೂ ಕೀಟಲೆ ಮಾಡಿದಳು. ಬೇಲೆಕೇರಿಯಲ್ಲೇ ಕಾರ್ಯಕ್ರಮವಿದೆ, ಅದೂ ಹೊನ್ನನ ದಾಯಾದಿ ಮಾದುವಿನ ಮಗಳು ದೀಪಾಳ ಮದುವೆಗೆ ಎಂದು ಗೊತ್ತಾದಾಗ ಹೊನ್ನ ಹಲ್ಲು ಬಿಟ್ಟು ನಕ್ಕಿದ್ದ. ಎದುರಿನ ಸಾಲಲ್ಲೇ ಕುರ್ಚಿ ಹಾಕಿ ಕೂರುತ್ತೇನೆ, ನಾನು ಕೈ ಎತ್ತಿದರೆ ಕೇಳಿತು ಎಂದು ಲೆಕ್ಕ ಎಂದಿದ್ದ.

ಮದುವೆ ಫೆಬ್ರವರಿಯಲ್ಲಿ, ಕೊಯ್ಲಾದ ಗದ್ದೆಯಲ್ಲಿ ಚಪ್ಪರ. ಬಂದರಿಗೆ ಹೋಗುವ ಅದಿರಿನ ಲಾರಿಗಳ ಕೆಂಪು ಧೂಳು ಚಪ್ಪರದ ಬಿಳಿ ಬಟ್ಟೆಯ ಮೇಲೂ ಕೂತಿತ್ತು. ಧಾರೆ ಮುಗಿದ ಮೇಲೆ ಊಟದ ಹೊತ್ತಿಗೆ ಆರ್ಕೆಸ್ಟ್ರಾ. ಬೆಳಿಗ್ಗೆಯೇ ಟೆಂಪೋ ಬಂತು. ಸತೀಶ ಪೆಟ್ಟಿಗೆಗಳನ್ನು ಇಳಿಸಿ ವೇದಿಕೆಯ ಹಲಗೆಯ ಮೇಲಿಡದೆ ಪಕ್ಕದ ಗಟ್ಟಿ ನೆಲದ ಮೇಲಿಟ್ಟ, ಹಲಗೆಯ ಮೇಲಿಟ್ಟರೆ ವೇದಿಕೆಯೇ ಗುಂಯ್ ಎನ್ನುತ್ತದೆ. ಕಣ್ಣು ಹೊನ್ನನನ್ನು ಹುಡುಕುತ್ತಿತ್ತು. ಅವನ ಮನೆ ಗದ್ದೆಯ ಬದುವಿನಾಚೆಗೇ, ಕೂಗಿದರೆ ಓ ಅನ್ನುವಷ್ಟು ಹತ್ತಿರ. ಬಾಗಿಲು ಹಾಕಿತ್ತು.

"ಹೊನ್ನಣ್ಣ ಎಲ್ಲಿ?" ಎಂದು ಕೇಳಿದ, ಅತ್ತಿಂದಿತ್ತ ಓಡಾಡುತ್ತಿದ್ದ ಮಾದುವನ್ನು.

ಮಾದು ನಿಂತ. ಬೆವರು ಒರೆಸಿಕೊಂಡ. ಮದುಮಗಳ ತಂದೆ ಬೆವರುವುದರಲ್ಲಿ ವಿಶೇಷವೇನಿದೆ? "ಅವಂಗೆ ಮೈ ಸಮ ಇಲ್ಲ ತಮಾ. ಮನಿಕಂಡಾನೆ. ಸೋಮಿನೂ ಒಳಗೇ ಅದೆ," ಎಂದ. ಎರಡು ಹೆಜ್ಜೆ ಹೋದವನು ಮರಳಿ ಬಂದ. "ನೀ ಒಂದು ಕೆಲ್ಸ ಮಾಡು. ಈ ಪೆಟ್ಟಿಗೆ ಅವ್ನ ಮನೆ ಬದಿಗೆ ತಿರುಗ್ಸಿ ಇಡು. ಮನಿಕಂಡಲ್ಲೇ ಕೇಳ್ಲಿ."

ಇಷ್ಟೊಂದು ಗಡಿಬಿಡಿಯಲ್ಲೂ ಈ ಮನುಷ್ಯ ದಾಯಾದಿಯ ಆಸೆ ಮರೆತಿಲ್ಲವಲ್ಲ ಎಂದು ಸತೀಶನಿಗೆ ಮಾದುವಿನ ಮೇಲೆ ಗೌರವ ಬಂತು. ಎರಡೂ ಪೆಟ್ಟಿಗೆಗಳನ್ನು ಬದುವಿನ ಕಡೆ ತಿರುಗಿಸಿದ. ಚಪ್ಪರದ ಜನಕ್ಕೆ ಇದರಿಂದ ನಷ್ಟವೇನಿಲ್ಲ, ತಗ್ಗಿನ ಸದ್ದು ಸುತ್ತಲೂ ಹರಡುತ್ತದೆ, ಮುಖ ಎತ್ತ ಇದ್ದರೂ ಅಷ್ಟೇ. ಆದರೆ ಮುಖದ ಎದುರಿಗಿದ್ದವರಿಗೆ ಅದು ಗೋಡೆಯನ್ನೂ ಲೆಕ್ಕಿಸದೆ ಒಳಗೆ ಬರುತ್ತದೆ. ಸಣ್ಣ ಕೋಣೆಗೆ ಹೊಕ್ಕರಂತೂ ಅಲ್ಲೇ ತುಂಬಿಕೊಳ್ಳುತ್ತದೆ. ಮಲಗಿದ ಹೊನ್ನನಿಗೆ ಚಪ್ಪರದವರಿಗಿಂತ ಚೆನ್ನಾಗಿ ಕೇಳಬೇಕು ಎಂದುಕೊಂಡ.

ಮೊದಲ ಹಾಡಿಗೇ ಗೊತ್ತಾಯಿತು. ದಪ್ಪ ತಂತಿಗೆ ಬೆರಳು ತಾಗಿದ್ದೇ ನೆಲದಿಂದ ಎದ್ದು ಕಾಲಿಗೆ ಬಂತು ಸದ್ದು. ಊಟಕ್ಕೆ ಕೂತವರು ಕೈಯಲ್ಲಿ ತುತ್ತು ಹಿಡಿದೇ ತಿರುಗಿ ನೋಡಿದರು. ಸೂರಜ್ ತನ್ನ ಎಡಗೈ ಎತ್ತಿಕೊಂಡುಬಿಟ್ಟ, ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ. ಸತೀಶನಿಗೆ ಅಳು ಬರುವಷ್ಟು ಸಂತೋಷವಾಯಿತು. ನಲವತ್ತರ ಗಂಡಸು, ಅಳುವುದು ಹೇಗೆ, ತಲೆಯಾಡಿಸಿದ.

ಮೂರನೇ ಹಾಡಿನ ನಡುವೆ ಮಾದು ವೇದಿಕೆಯ ಹತ್ತಿರ ಬಂದ. ಹೊಸ ಪೆಟ್ಟಿಗೆಯ ಮೇಲೆ ದೂರು ಬಂತೆಂದು ಸತೀಶ ಹೆದರಿದ. ಮಾದು ರಾಮಾನನ್ನೂ ಕರೆದು ಹೇಳಿದ:

"ಬೇಸ್ ಇನ್ನೂ ಜೋರು ಮಾಡಿ. ಮತ್ತೆ ನಡುನಡುವೆ ನಿಲ್ಸೂದು ಬೇಡ. ಒಂದ್ರ ಹಿಂದೆ ಒಂದು ಹೊಡೀತಾ ಇರಿ."

ಬೇಸ್ ಜೋರು ಮಾಡಿ! ಇಷ್ಟು ವರ್ಷದಲ್ಲಿ ಯಾವ ಯಜಮಾನನೂ ಈ ಮಾತು ಹೇಳಿದ್ದಿಲ್ಲ. ಬೇಸ್ ಎಂಬ ಪದ ಮದುವೆ ಮನೆಯವರ ಬಾಯಿಂದ ಬಂದದ್ದನ್ನೇ ಸತೀಶ ಕೇಳಿರಲಿಲ್ಲ. ರಾಮಾ ಅವನ ಕಡೆ ನೋಡಿ ಹುಬ್ಬೇರಿಸಿದ. ಸತೀಶ ಗುಂಡಿಯನ್ನು ಅರ್ಧದಿಂದ ಮುಂದೆ ತಿರುಗಿಸಿದ. ಮಡಗಾಂವಿನ ಮುದಿ ಆಂಪ್ಲಿಫೈಯರು ಒಂಚೂರೂ ಏದುಸಿರು ಬಿಡದೆ ಎಳೆಯಿತು. ಬದುವಿನಾಚೆಯ ಹಂಚಿನ ಮೇಲಿಂದ ಕಾಗೆಗಳು ಎದ್ದು ಹೋದವು.

ಹಾಡು ಹಾಡಿನ ನಡುವೆ ಸಣ್ಣ ಬಿಡುವು ಆಗಿಯೇ ಆಗುತ್ತಿತ್ತು. ಹಾಡುವ ರಕ್ಷಿತಾಳಿಗೆ ನೀರು ಕುಡಿಯಬೇಕಲ್ಲ. ಅಂಥ ಒಂದು ಬಿಡುವಿನಲ್ಲಿ ಎಲ್ಲೋ ಧಡಧಡ ಎಂದು ಬಡಿಯುವ ಸದ್ದು ಕೇಳಿದಂತಾಯಿತು. ಅಡುಗೆಯವರು ಹಂಡೆ ಉರುಳಿಸುತ್ತಿದ್ದಾರೆ ಎಂದುಕೊಂಡ. ಮಾದು ದೂರದಿಂದಲೇ ಕೈಸನ್ನೆ ಮಾಡಿದ, ಶುರು ಮಾಡಿ, ಶುರು ಮಾಡಿ. ಸತೀಶ ರಕ್ಷಿತಾಳಿಗೂ ಕಾಯದೆ ತಾನೇ ಮುಂದಿನ ಹಾಡಿನ ಬೇಸ್ ಎತ್ತಿಕೊಂಡ. ಅದೂ ಅವನ ಜೀವನದಲ್ಲಿ ಮೊದಲು.

ಕಾರ್ಯಕ್ರಮ ಮುಗಿದಾಗ ರಾಮಾ ಬಂದು ಭುಜ ತಟ್ಟಿದ. "ಮುಂದಿನ ವಾರ ಕುಮಟೆ. ನೀನೂ ನಿನ್ನ ಪೆಟ್ಟಿಗೆನೂ ಮೊದ್ಲು ಟೆಂಪೋ ಹತ್ತಬೇಕು," ಎಂದ. ಸತೀಶನಿಗೆ ಅಲ್ಲಿಂದಲೇ ಬದು ದಾಟಿ ಓಡಿ ಹೊನ್ನನಿಗೆ ಇದನ್ನು ಹೇಳಬೇಕೆನಿಸಿತು. ಆದರೆ ದಿಬ್ಬಣ ಹೊರಡುವ ಗಡಿಬಿಡಿ. ದೀಪಾ ಅತ್ತಳು, ಅವಳ ತಾಯಿ ಅತ್ತಳು, ಮಾದು ಮಾತ್ರ ಒಣ ಮುಖದಲ್ಲಿ ನಿಂತಿದ್ದ. ಗಂಡಿನ ಕಡೆಯ ಬಸ್ಸು ಹೆದ್ದಾರಿಯ ಕಡೆ ತಿರುಗಿ ಮರೆಯಾದದ್ದನ್ನು ನೋಡಿಕೊಂಡು ಅವನು ಒಮ್ಮೆ ಕೈ ಎತ್ತಿದ. ಊರಿನ ನಾಲ್ಕೈದು ಗಂಡಸರು ಬದುವಿನಾಚೆ ನಡೆದರು. ಹೊನ್ನನ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತೆಂಬುದನ್ನು ಸತೀಶ ಆಗ ಕಂಡ.

"ಹೊನ್ನ ಬೆಳಗಿನ ಜಾವ ಹೋದ," ಎಂದಳು ಪಕ್ಕದಲ್ಲಿ ಎಲೆ ಎತ್ತುತ್ತಿದ್ದ ಮುದುಕಿ ಮಾದಿ, ಸಣ್ಣ ದನಿಯಲ್ಲಿ. "ಎದೆ ಹಿಡ್ಕಂಡು ಕೂತವ ಹಂಗೇ ಹೋದ. ದಾಯಾದಿ ಅಲ್ದಾ, ಸೂತಕ ಬಂದ್ರೆ ಮದುವೆ ನಿಂತ್‌ಹೋಗ್ತಿತ್ತು. ದಿಬ್ಬಣ ಹೊರಡೂ ತನಕ ಸುದ್ದಿ ಒಡೀಲಿಲ್ಲ."

ಕರಾವಳಿಯಲ್ಲಿ ಇದು ಹೊಸದೇನಲ್ಲ. ಮನೆಯಿಂದ ಅಳು ಹೊರಗೆ ಕೇಳುವ ತನಕ ಸಾವು ಲೆಕ್ಕಕ್ಕೆ ಬರುವುದಿಲ್ಲ. ಅಳು ಎದ್ದ ಮೇಲೆ ಸೂತಕ. ಅದಕ್ಕಾಗಿ ಎಷ್ಟೋ ಮನೆಗಳಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಹೆಂಗಸರು ಕೂತದ್ದುಂಟು. ಸೋಮಿಯೂ ಒಪ್ಪಿದ್ದಳಂತೆ. ದೀಪಾ ಅವಳ ಮಡಿಲಲ್ಲೇ ಬೆಳೆದ ಹುಡುಗಿ. ಆದರೆ ತಡೆದುಕೊಳ್ಳಲಾಗದೆ ಅತ್ತುಬಿಟ್ಟರೆ ಎಂಬ ಹೆದರಿಕೆಗೆ ಚಿಲಕ, ಚಿಲಕ ಸಾಲದಿದ್ದರೆ ಸತೀಶನ ನಾಲ್ಕುನೂರು ವಾಟ್. ಇಷ್ಟು ಅರ್ಥವಾದದ್ದೇ ಸತೀಶ ಹಿಡಿದಿದ್ದ ವೈರನ್ನು ಅಲ್ಲೇ ಬಿಟ್ಟು ಬದು ದಾಟಿದ.

ಅವನು ಹೋಗುವಷ್ಟರಲ್ಲಿ ಅಳು ಕೇಳಬೇಕಿತ್ತು. ಕೇಳಿದ್ದು ಬೇರೆ, ಸೋಮಿಯ ಗದರಿಕೆ.

"ಡಾಕ್ಟ್ರನ್ನ ಕರೀರಿ. ನಿಂತು ಎಂತಾ ನೋಡ್ತ್ರಿ? ಕರೀರಿ ಮೊದ್ಲು."

ನಡುಕೋಣೆಯಲ್ಲಿ ಚಾಪೆಯ ಮೇಲೆ ಹೊನ್ನ ಮಲಗಿದ್ದ. ಕತ್ತಿನ ತನಕ ತೆಳ್ಳಗಿನ ಪಂಚೆ ಹೊದೆಸಿತ್ತು. ಸೋಮಿ ಅವನ ಎದೆಗೆ ಅಡ್ಡವಾಗಿ ಕೈಯಿಟ್ಟು, ಯಾರೂ ಮುಟ್ಟದಂತೆ ಕಾದು ಕೂತಿದ್ದಳು. ಬೆರಳ ಗೆಣ್ಣುಗಳಲ್ಲಿ ಚರ್ಮ ಕಿತ್ತುಹೋಗಿತ್ತು. ನೆಲದ ಮೇಲೆಲ್ಲ ಹಂಚಿನ ಸಂದಿಯಿಂದ ಉದುರಿದ ಧೂಳು.

"ಉಸ್ರು ಅದೆ. ನಾ ಕಣ್ಣಾರೆ ನೋಡಿದ್ದೆ," ಎಂದಳು. "ಪಂಚೆ ಹಿಂಗೆ ಎದೆ ಮೇಲೆ ಅಲುಗ್ತಾ ಇತ್ತು. ಒಂಚೂರು ಹೊತ್ತು ನಿಲ್ತಿತ್ತು, ಮತ್ತೆ ಬರ್ತಿತ್ತು. ಕೂಗ್ದೆ. ಬಾಗ್ಲು ಬಡ್ದೆ. ಒಬ್ರೂ ಬರ್ಲಿಲ್ಲ. ಈಗ ಮತ್ತೆ ನಿಂತದೆ. ಬರ್ತದೆ ಅದು. ಎತ್ತೂಕೆ ಕೊಡೂದಿಲ್ಲ ನಾ."

ಬಂದ ಗಂಡಸರಲ್ಲಿ ಹಿರಿಯನಾದ ಸುಕ್ರ ಬಗ್ಗಿ ಹೊನ್ನನ ಪಾದ ಮುಟ್ಟಿ, "ಬೆಳಿಗ್ಗೆಗೇ ತಣ್ಣಗಾಗಿತ್ತಲ್ಲೇ ಮಗಾ," ಎಂದ. ಆದರೆ ಅವನ ದನಿಯಲ್ಲಿ ಖಾತ್ರಿ ಇರಲಿಲ್ಲ. ಹಿಂದೆ ನಿಂತ ಜಟ್ಟ, ಒಂದು ಸಲ ಅಂಕೋಲೆಯಿಂದ ಡಾಕ್ಟರನ್ನು ಕರೆಸುವುದೇ ಒಳ್ಳೆಯದು ಎಂದು ಗೊಣಗಿದ. ಮಾದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಜೀವವಿದ್ದವನನ್ನು ಚಿಲಕ ಹಾಕಿ ಕೊಂದೆವೇನೋ ಎಂಬುದು ಅವನ ಮುಖದ ಮೇಲೇ ಕಾಣುತ್ತಿತ್ತು.

ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಸತೀಶ ಪಂಚೆಯನ್ನು ನೋಡಿದ, ಉದುರಿದ ಧೂಳನ್ನು ನೋಡಿದ. ಒಂದು ಹಾಡು, ಒಂದು ಬಿಡುವು. ಮತ್ತೊಂದು ಹಾಡು. ಅವನಿಗೆ ನಿಂತಲ್ಲೇ ಗೊತ್ತಾಯಿತು. ಹೇಳದೆ ಹೊರಗೆ ಹೋಗಿಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಹೋದರೆ ಈ ಹೆಂಗಸು ಜೀವಮಾನವೆಲ್ಲ ಗಂಡ ಉಸಿರಾಡುತ್ತಿದ್ದ, ಬಾಗಿಲು ತೆಗೆಯಲಿಲ್ಲ ಎಂದೇ ಬದುಕುತ್ತಾಳೆ. ಅವಳೆದುರು ಮೊಣಕಾಲೂರಿ ಕೂತ.

"ವೈನಿ, ಅದು ಉಸ್ರಲ್ಲ. ನನ್ನ ಬೇಸು. ಹೊನ್ನಣ್ಣ ಮಾಡ್ಕೊಟ್ಟ ಪೆಟ್ಟಿಗೆ ಈ ಬದಿಗೇ ಮುಖ ಮಾಡಿತ್ತು. ಆ ಸದ್ದಿಗೆ ಬಟ್ಟೆ ಅಲುಗ್ತದೆ. ಹಾಡು ನಿಂತಾಗ ನಿಲ್ತದೆ."

ಸೋಮಿ ತಲೆಯೆತ್ತಿ ಅವನನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡ. ಹೊಡೆದರೆ ಒಳ್ಳೆಯದಿತ್ತು.

"ಹಂಗಾರೆ ಬಾರ್ಸು," ಎಂದಳು. ಪರೀಕ್ಷೆ ಮಾಡುವ ದನಿಯಲ್ಲ ಅದು, ಆಸೆಯ ದನಿ. "ಹೋಗು ತಮಾ. ಬಾರ್ಸು. ನಾ ಇಲ್ಲಿ ನೋಡ್ತೆ."

ಚಪ್ಪರದಲ್ಲಿ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ರಾಮಾ, ಸಾಮಾನು ಕಟ್ಟಬೇಕು, ಏನು ನಿನ್ನದು ಎಂದು ಶುರು ಮಾಡಿದವನು ಸತೀಶನ ಮುಖ ನೋಡಿ ಜನರೇಟರಿನವನಿಗೆ ಕೈಸನ್ನೆ ಮಾಡಿದ. ಅವನು ಮತ್ತೆ ಹಗ್ಗ ಎಳೆದ. ಸತೀಶ ಗಿಟಾರು ಹೆಗಲಿಗೆ ಹಾಕಿಕೊಂಡು, ಗುಂಡಿಯನ್ನು ಮೊದಲಿದ್ದಲ್ಲಿಗೇ ತಿರುಗಿಸಿ, ದಪ್ಪ ತಂತಿಯನ್ನು ಬಾರಿಸಿದ. ಹಾಡಿರಲಿಲ್ಲ, ಡ್ರಮ್ಮಿರಲಿಲ್ಲ, ಕೀಬೋರ್ಡಿರಲಿಲ್ಲ. ಬರೇ ಅವನ ಬೇಸು. ಊರಿನವರೆಲ್ಲ ಕೆಲಸ ನಿಲ್ಲಿಸಿ ಕೇಳುತ್ತ ನಿಂತರು.

ಅಲ್ಲಿಂದ ಒಳಗೇನಾಗುತ್ತಿದೆಯೆಂದು ಕಾಣುತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಕತ್ತಲೆ. ಈಗ ಅಳು ಬರುತ್ತದೆ, ಈಗ ಬರುತ್ತದೆ ಎಂದು ಬಾರಿಸಿದ. ಬರಲಿಲ್ಲ. ಕೊನೆಗೆ ಬಂದವನು ಮಾದು, ಕಾಲೆಳೆಯುತ್ತ.

"ವೈನಿ ಅಳ್ತಾ ಇದ್ರಾ?" ಎಂದು ಬಾರಿಸುತ್ತಲೇ ಕೇಳಿದ ಸತೀಶ.

ಮಾದು ಇಲ್ಲವೆಂದು ತಲೆಯಾಡಿಸಿದ. "ಪಂಚೆ ಅಲುಗೂದೇ ನೋಡ್ತಾ ಕೂತದೆ. ನಕ್ಕ ಹಂಗೆ ಕಾಣ್ತದೆ," ಎಂದು ಹೇಳಿ, ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತುಬಿಟ್ಟ. ನಿಲ್ಲಿಸು ಎನ್ನುವ ಧೈರ್ಯ ಅವನಿಗೆ ಇರಲಿಲ್ಲ. ಯಾರಿಗೂ ಇರಲಿಲ್ಲ.

ನಿಲ್ಲಿಸಬೇಕಾದ ಕೈ ತನ್ನದೇ ಎಂದು ಸತೀಶನಿಗೆ ಗೊತ್ತಿತ್ತು. ಇನ್ನೊಂದು ಸುತ್ತು ಬಾರಿಸಿದ. ಮತ್ತೊಂದು ಸುತ್ತು. ಬೆರಳ ತುದಿ ಉರಿಯತೊಡಗಿತು. ಆಮೇಲೆ ಅಂಗೈಯನ್ನು ನಾಲ್ಕೂ ತಂತಿಗಳ ಮೇಲೆ ಒತ್ತಿ ಹಿಡಿದ.

ಹೊನ್ನನ ಮನೆಯಿಂದ ಅಳು ಎದ್ದಿತು.